ಮೆದುಳಿಗೆ ತಂತಿ ಹಾಕಿಸುವ ಮುನ್ನ

ಪಾರ್ಕಿನ್ಸನ್ ಕಾಯಿಲೆ ಇರುವವರ ಮನೆಗಳಲ್ಲಿ ಈಗೀಗ ಒಂದು ಮಾತು ಕೇಳಿಬರುತ್ತಿದೆ. "ಮೆದುಳಿಗೇ ಪೇಸ್‌ಮೇಕರ್ ಹಾಕ್ತಾರಂತೆ, ಕೈ ನಡುಕ ನಿಲ್ಲುತ್ತಂತೆ, ಹೌದಾ?" ಹೌದು, ಹಾಕುತ್ತಾರೆ. ಸರಿಯಾಗಿ ಆರಿಸಿದ ರೋಗಿಗಳಲ್ಲಿ ನಡುಕ ಚೆನ್ನಾಗಿಯೇ ಕಡಿಮೆಯಾಗುತ್ತದೆ. ಆದರೆ ಅದರ ಬೆನ್ನಿಗೇ ಬೇರೆ ಅನುಮಾನಗಳು ಏಳುತ್ತವೆ. ತಲೆಯೊಳಗೆ ಕರೆಂಟು ಹರಿದರೆ ಅಪ್ಪ ಮೊದಲಿನ ಹಾಗೇ ಇರುತ್ತಾರಾ? ರಿಮೋಟ್ ಯಾರ ಕೈಯಲ್ಲಿರುತ್ತದೆ? ಕಂಪನಿ ಬಾಗಿಲು ಹಾಕಿದರೆ ಒಳಗಿರುವ ಯಂತ್ರದ ಗತಿ ಏನು? ಒಪಿಡಿಯ ಹತ್ತು ನಿಮಿಷದಲ್ಲಿ ಇವನ್ನೆಲ್ಲ ಕೇಳಲು ಸಂಕೋಚ. ಕೇಳೋಣವೆಂದರೆ ಬಾಗಿಲ ಹೊರಗೆ ಇಪ್ಪತ್ತು ಜನ ಕಾಯುತ್ತಿರುತ್ತಾರೆ.

ಇಂಥ ಪ್ರಶ್ನೆಗಳನ್ನೇ ಕಸುಬು ಮಾಡಿಕೊಂಡವರೊಬ್ಬರಿದ್ದಾರೆ. ಹೆಸರು ಸಾರಾ ಗೋರಿಂಗ್. ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕಿ. ಅಂಗವಿಕಲರ ಬದುಕಿನ ಬಗ್ಗೆ ಅವರು ಮೊದಲಿನಿಂದಲೂ ಬರೆಯುತ್ತ ಬಂದವರು. 2011ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣದಿಂದ ಅದೇ ವಿಶ್ವವಿದ್ಯಾಲಯದಲ್ಲಿ ಒಂದು ಕೇಂದ್ರ ಶುರುವಾಯಿತು. ಮುಂದೆ ಅದಕ್ಕೆ 'ಸೆಂಟರ್ ಫಾರ್ ನ್ಯೂರೋಟೆಕ್ನಾಲಜಿ' ಎಂಬ ಹೆಸರು ಬಂತು. ಮೆದುಳಿಗೂ ನರಗಳಿಗೂ ಜೋಡಿಸುವ ಸಾಧನಗಳನ್ನು ಎಂಜಿನಿಯರುಗಳು ಅಲ್ಲಿ ಕಟ್ಟುತ್ತಿದ್ದರು. ಆ ಕೇಂದ್ರದ ನೀತಿಶಾಸ್ತ್ರ ತಂಡವನ್ನು ಮುನ್ನಡೆಸಿದವರು ಗೋರಿಂಗ್. ನರರೋಗ ವೈದ್ಯರೂ ತತ್ತ್ವಶಾಸ್ತ್ರಜ್ಞರೂ ಆದ ಎರಾನ್ ಕ್ಲೈನ್ ಗೋರಿಂಗ್ ಅವರ ಜೊತೆಗಾರರು.

ಲ್ಯಾಬಿನಲ್ಲಿ ತತ್ತ್ವಶಾಸ್ತ್ರದವರಿಗೆ ಏನು ಕೆಲಸ ಎಂದು ನಿಮಗೆ ಅನ್ನಿಸಬಹುದು. ಕೆಲಸ ಹೀಗೆ ನಡೆಯುತ್ತದೆ. ತಂಡದವರು ಎಂಜಿನಿಯರುಗಳ ನಡುವೆಯೇ ಹೋಗಿ ಕೂರುತ್ತಾರೆ. ಸಾಧನ ಇನ್ನೂ ಮೇಜಿನ ಮೇಲೆ ಬಿಡಿಬಿಡಿಯಾಗಿರುವಾಗಲೇ ಪ್ರಶ್ನೆ ಎತ್ತುತ್ತಾರೆ. ಆಮೇಲೆ ಅದನ್ನು ಹಾಕಿಸಿಕೊಂಡವರನ್ನು, ಮುಂದೆ ಹಾಕಿಸಿಕೊಳ್ಳಬಹುದಾದವರನ್ನು ಕೂರಿಸಿಕೊಂಡು ಮಾತಾಡಿಸುತ್ತಾರೆ. ನಿಮಗೆ ಬೇಕಾದದ್ದು ಇದೇನಾ? ಹಾಕಿಸಿಕೊಂಡ ಮೇಲೆ ಏನು ಬದಲಾಯಿತು? ಹೀಗೆ ಕೇಳಿ ಪಡೆದ ಉತ್ತರ ಎಂಜಿನಿಯರುಗಳಿಗೆ ಹಿಂದಿರುಗುತ್ತದೆ. ಇದರಿಂದ ನಮಗೇನು ಉಪಯೋಗ ಎಂದು ಕೇಳಿದರೆ, ಅವರು ಅಲ್ಲಿ ಕೇಳುವ ಪ್ರಶ್ನೆಗಳಲ್ಲಿ ಬಹುಪಾಲು ನಾವು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಕೇಳಬೇಕಾದವೇ.

ಮೊದಲು ಯಂತ್ರದ ಪರಿಚಯ

ನ್ಯೂರೋಟೆಕ್ನಾಲಜಿ ಅಂದರೆ ನರಮಂಡಲದ ಜೊತೆ ನೇರವಾಗಿ ವ್ಯವಹರಿಸುವ ಉಪಕರಣಗಳು. ಕೆಲವು ಮೆದುಳಿಗೆ ಸಂಕೇತ ಕಳಿಸುತ್ತವೆ. ಕೆಲವು ಮೆದುಳಿನ ಸಂಕೇತವನ್ನು ಓದುತ್ತವೆ. ಹೊಸವು ಎರಡನ್ನೂ ಮಾಡುತ್ತವೆ. ನಮ್ಮಲ್ಲಿ ಹೆಚ್ಚು ಪರಿಚಿತವಾದದ್ದು ಕಾಕ್ಲಿಯರ್ ಇಂಪ್ಲಾಂಟ್. ಇಂಪ್ಲಾಂಟ್ ಅಂದರೆ ಶಸ್ತ್ರಚಿಕಿತ್ಸೆ ಮಾಡಿ ದೇಹದೊಳಗೆ ಕೂರಿಸುವ ಸಾಧನ. ಕಾಕ್ಲಿಯಾ ಎನ್ನುವುದು ಒಳಕಿವಿಯ ಸುರುಳಿ. ಕಿವಿಯ ಹಿಂದಿನ ಮೈಕು ಹಿಡಿದ ಶಬ್ದ ಅಲ್ಲಿ ವಿದ್ಯುತ್ ಸಂಕೇತವಾಗಿ ಶ್ರವಣ ನರಕ್ಕೆ ತಲುಪುತ್ತದೆ. ಇನ್ನೊಂದು ಬಗೆ ಬಿಸಿಐ, ಅಂದರೆ ಬ್ರೇನ್ ಕಂಪ್ಯೂಟರ್ ಇಂಟರ್‌ಫೇಸ್. ಕೈಕಾಲು ಆಡದವರು ಮನಸ್ಸಿನಲ್ಲೇ ಅಂದುಕೊಂಡು ಕಂಪ್ಯೂಟರಿನ ಕರ್ಸರ್ ಸರಿಸುವ ವ್ಯವಸ್ಥೆ ಇದು. 2004ರಲ್ಲಿ ಬ್ರೈನ್‌ಗೇಟ್ ಪ್ರಯೋಗದಲ್ಲಿ, 2024ರ ಜನವರಿಯಲ್ಲಿ ನ್ಯೂರಾಲಿಂಕ್ ಕಂಪನಿಯ ಪ್ರಯೋಗದಲ್ಲಿ ಮನುಷ್ಯರಿಗೆ ಇಂಥ ಸಾಧನ ಅಳವಡಿಸಿದರು. ಸುದ್ದಿಯಲ್ಲಿ ದೊಡ್ಡದಾಗಿ ಕಂಡರೂ ಬಿಸಿಐ ಇನ್ನೂ ಸಂಶೋಧನೆಯ ಹಂತದಲ್ಲೇ ಇದೆ. ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಯಾರಾದರೂ ಹಣ ಕಟ್ಟಿ ಹಾಕಿಸಿಕೊಳ್ಳಿ ಎಂದರೆ ಅಲ್ಲಿಂದ ಎದ್ದುಬನ್ನಿ.

ಹಣ ಕೊಟ್ಟು ಹಾಕಿಸಿಕೊಳ್ಳಬಹುದಾದದ್ದು ಡಿಬಿಎಸ್. ಪೂರ್ತಿ ಹೆಸರು ಡೀಪ್ ಬ್ರೇನ್ ಸ್ಟಿಮ್ಯುಲೇಶನ್. ಮೆದುಳಿನ ಆಳದ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಡುತ್ತಲೇ ಇರುವ ಚಿಕಿತ್ಸೆ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಮ್ ಲೂಯಿ ಬೆನಾಬಿದ್ ಎಂಬ ಶಸ್ತ್ರಚಿಕಿತ್ಸಕರು ಇಂದಿನ ರೂಪದ ಡಿಬಿಎಸ್‌ಗೆ ದಾರಿ ಮಾಡಿದರು. ಆಗ ಮೆದುಳಿನ ಸಣ್ಣ ಭಾಗವನ್ನು ಸುಟ್ಟು ನಡುಕ ನಿಲ್ಲಿಸುವ ಪದ್ಧತಿ ಇತ್ತು. ಸುಡುವ ಮುನ್ನ ಜಾಗ ಸರಿಯೇ ಎಂದು ವಿದ್ಯುತ್ ಹರಿಸಿ ಪರೀಕ್ಷಿಸುತ್ತಿದ್ದರು. ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಮಿಡಿತ ಕೊಟ್ಟರೆ ಸುಡದೆಯೇ ನಡುಕ ನಿಲ್ಲುತ್ತದೆ ಎಂದು ಅವರಿಗೆ ಕಂಡಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2002ರಲ್ಲಿ ಪಾರ್ಕಿನ್ಸನ್ ಕಾಯಿಲೆಗೆ ಇದನ್ನು ಒಪ್ಪಿತು. 2009ರಲ್ಲಿ ತೀವ್ರ ಒಸಿಡಿಗೆ, ಅಂದರೆ ಬೇಡವೆಂದರೂ ಬಿಡದ ಗೀಳಿನ ಕಾಯಿಲೆಗೆ, ಷರತ್ತಿನ ಮೇಲೆ ಅನುಮತಿ ಕೊಟ್ಟಿತು.

ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಎರಡು ಹಂತದಲ್ಲಿ. ಮೊದಲು ತಲೆಗೆ ಲೋಹದ ಚೌಕಟ್ಟು ಬಿಗಿದು ಸ್ಕ್ಯಾನ್ ಮಾಡುತ್ತಾರೆ. ತಲೆಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು, ಒಂದೂಕಾಲು ಮಿಲಿಮೀಟರ್ ದಪ್ಪದ ತಂತಿಯನ್ನು ಗುರಿಯತ್ತ ಇಳಿಸುತ್ತಾರೆ. ಅನೇಕ ಕಡೆ ಈ ಹೊತ್ತಿನಲ್ಲಿ ರೋಗಿ ಎಚ್ಚರವಾಗಿಯೇ ಇರುತ್ತಾರೆ. ಮೆದುಳಿಗೆ ಸ್ವತಃ ನೋವು ತಿಳಿಯುವುದಿಲ್ಲ, ಚರ್ಮಕ್ಕೆ ಮಾತ್ರ ಮರಗಟ್ಟಿಸುವ ಔಷಧ ಸಾಕು. ಒಳಗೆ ಕರೆಂಟು ಹರಿಸುತ್ತ ಹೊರಗೆ ಮಾತಾಡಿಸುತ್ತಾರೆ. ಮುಷ್ಟಿ ಬಿಗಿಯಿರಿ, ಬಿಡಿಸಿರಿ. ಒಂದರಿಂದ ಹತ್ತು ಎಣಿಸಿ. ಕಾಗದದ ಮೇಲೆ ಸುರುಳಿ ಬರೆಯಿರಿ. ಗೀಚುಗೀಚಾಗಿದ್ದ ಸುರುಳಿ ಕಣ್ಣೆದುರೇ ನೇರ್ಪಾಗುತ್ತದೆ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ತಂತಿ ಜಾಗ ತಪ್ಪಿದೆ ಎಂದು ಅರ್ಥ, ಸರಿಸುತ್ತಾರೆ. ಎರಡನೆಯ ಹಂತದಲ್ಲಿ ಪೂರ್ತಿ ಅರಿವಳಿಕೆ ಕೊಟ್ಟು, ಕುತ್ತಿಗೆಯ ಚರ್ಮದಡಿ ತಂತಿ ಹಾಯಿಸಿ, ಕೊರಳೆಲುಬಿನ ಕೆಳಗೆ ಬ್ಯಾಟರಿ ಪೆಟ್ಟಿಗೆ ಹುದುಗಿಸುತ್ತಾರೆ.

ಮನೆಗೆ ಬಂದ ಮರುದಿನವೇ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಕೆಲವು ವಾರ ಬಿಟ್ಟು ಯಂತ್ರ ಚಾಲೂ ಮಾಡುತ್ತಾರೆ. ಎಷ್ಟು ಕರೆಂಟು, ಯಾವ ತುದಿಯಿಂದ, ಸೆಕೆಂಡಿಗೆ ಎಷ್ಟು ಸಲ, ಇದನ್ನೆಲ್ಲ ಹದಕ್ಕೆ ತರಲು ತಿಂಗಳುಗಳೇ ಬೇಕು. ಇದಕ್ಕೆ ಪ್ರೋಗ್ರಾಮಿಂಗ್ ಎನ್ನುತ್ತಾರೆ. ಹಾಸನದಿಂದಲೋ ರಾಯಚೂರಿನಿಂದಲೋ ಮತ್ತೆ ಮತ್ತೆ ಬೆಂಗಳೂರಿಗೆ ಬರುವುದು ಈ ಲೆಕ್ಕದಲ್ಲಿ ಸೇರಿರಬೇಕು. ಇನ್ನೊಂದು ಮಾತು: ಡಿಬಿಎಸ್ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಲಕ್ಷಣಗಳನ್ನು ಹತೋಟಿಗೆ ತರುತ್ತದೆ, ಅಷ್ಟೇ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ತೆಗೆದುಕೊಂಡಾಗ ಯಾವ ತೊಂದರೆ ಕಡಿಮೆಯಾಗುತ್ತದೋ ಹೆಚ್ಚಾಗಿ ಅದೇ ಇದರಿಂದಲೂ ಕಡಿಮೆಯಾಗುವುದು. ಮಾತ್ರೆಗೆ ಬಗ್ಗದಿದ್ದರೂ ಇದಕ್ಕೆ ಬಗ್ಗುವುದು ನಡುಕವೊಂದೇ. ಮಾತು, ನಡೆಯುವಾಗಿನ ಸಮತೋಲ ಇವು ಸುಧಾರಿಸದೇ ಹೋಗಬಹುದು, ಕೆಲವೊಮ್ಮೆ ಹದಗೆಡಲೂಬಹುದು. ಮೆದುಳಿನಲ್ಲಿ ರಕ್ತಸ್ರಾವ ಅಪರೂಪ, ಆದರೆ ಅಪಾಯಕಾರಿ. ಸೋಂಕು ತಗಲಿದರೆ ಯಂತ್ರ ತೆಗೆಯಬೇಕಾಗಿ ಬರಬಹುದು.

ಆ ಮನುಷ್ಯ ಅದೇ ಮನುಷ್ಯನಾ?

ಇಲ್ಲಿಂದ ಗೋರಿಂಗ್ ಅವರ ಕ್ಷೇತ್ರ. ನೆದರ್ಲೆಂಡ್ಸ್‌ನಲ್ಲಿ ನಡೆದ ಒಂದು ಪ್ರಕರಣ 2014ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ದಶಕಗಳ ಕಾಲ ಒಸಿಡಿಯಿಂದ ನರಳಿದ ಒಬ್ಬರಿಗೆ ಡಿಬಿಎಸ್ ಹಾಕಿದರು. ಗೀಳು ಬಹಳ ಕಡಿಮೆಯಾಯಿತು. ಸಂಗೀತದ ಹುಚ್ಚು ಅಷ್ಟೇನೂ ಇಲ್ಲದ ಆಸಾಮಿ ಅವರು. ತಮ್ಮ ಭಾಷೆಯ ಹಾಡು, ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ಕೇಳಿಕೊಂಡಿದ್ದರು. ಚಿಕಿತ್ಸೆಯ ಕೆಲವು ತಿಂಗಳ ಮೇಲೆ ರೇಡಿಯೋದಲ್ಲಿ ಅಮೆರಿಕದ ಗಾಯಕ ಜಾನಿ ಕ್ಯಾಶ್ ಹಾಡು ಬಂತು. ಆಮೇಲೆ ಅವರಿಗೆ ಬೇರೆ ಯಾರ ಹಾಡೂ ಬೇಡವಾಯಿತು. ಕ್ಯಾಶ್ ಸಿಡಿಗಳನ್ನೆಲ್ಲ ಕೊಂಡು ತಂದರು. ಬ್ಯಾಟರಿ ಇಳಿದಾಗ ಆ ಪ್ರೀತಿ ಮಾಯ, ಹಳೆಯ ಹಾಡುಗಳೇ ವಾಪಸ್ಸು. ಕೇಳಲು ತಮಾಷೆಯಾಗಿದೆ. ಆ ಮನುಷ್ಯನಿಗೂ ಅದರಿಂದ ಬೇಸರವೇನೂ ಆಗಲಿಲ್ಲ. ಆದರೆ ಹಾಡಿನ ಬದಲು ಜೂಜಿನ ಚಪಲವೋ ಮಿತಿಮೀರಿದ ಉಮೇದೋ ಬಂದರೆ? ಪಾರ್ಕಿನ್ಸನ್ ರೋಗಿಗಳಲ್ಲಿ ಮಾತ್ರೆಯಿಂದಲೂ, ಕೆಲವೊಮ್ಮೆ ಡಿಬಿಎಸ್‌ನಿಂದಲೂ ಇಂಥ ಬದಲಾವಣೆ ಕಂಡದ್ದುಂಟು. ಪ್ರೋಗ್ರಾಮಿಂಗ್ ಬದಲಿಸಿದರೆ ಬಹಳಷ್ಟು ಸಲ ಸರಿಹೋಗುತ್ತದೆ. ಆದರೆ ಬದಲಾಗಿದೆ ಎಂದು ಮೊದಲು ಗಮನಿಸುವುದು ಯಾರು? ಹೆಚ್ಚಾಗಿ ಮನೆಯವರು. ಒಳಗಿರುವವರಿಗೆ ಅದು ತಮ್ಮದೇ ಮನಸ್ಸು ಎನ್ನಿಸಿರುತ್ತದೆ.

ಗೋರಿಂಗ್ ಮತ್ತು ಸಂಗಡಿಗರು 2017ರಲ್ಲಿ ಬರೆದ ಒಂದು ಲೇಖನ ಈ ಬಿಕ್ಕಟ್ಟಿಗೆ ದಾರಿ ತೋರಿಸುತ್ತದೆ. ಯಂತ್ರ ಬಂದ ಮೇಲೆ ಮನುಷ್ಯನ ಸ್ವಂತಿಕೆ ಹೋಯಿತು ಎಂದು ಗಾಬರಿಯಾಗುವ ಮುಂಚೆ ಒಂದು ವಿಷಯ ನೆನಪಿಡಿ ಎನ್ನುತ್ತಾರೆ ಅವರು. ಯಂತ್ರವಿಲ್ಲದಾಗಲೂ ನಾವು ಯಾರೂ ಒಂಟಿಯಾಗಿ ನಾವಾಗಿಲ್ಲ. ಹೆಂಡತಿ, ಗಂಡ, ಗೆಳೆಯರು, ಮಕ್ಕಳು ನಮ್ಮನ್ನು ತಿದ್ದುತ್ತಾರೆ, ಎಚ್ಚರಿಸುತ್ತಾರೆ, ಬೇಡದ ಕೆಲಸಕ್ಕೆ ಕೈಹಾಕದಂತೆ ತಡೆಯುತ್ತಾರೆ. ನಮ್ಮ ನಿರ್ಧಾರಗಳು ಇವರೆಲ್ಲರ ಜೊತೆಯಲ್ಲೇ ಆದಂಥವು. ರಿಲೇಶನಲ್ ಏಜೆನ್ಸಿ ಎಂಬುದು ಅವರು ಬಳಸುವ ಪದ, ಅಂದರೆ ಸಂಬಂಧಗಳ ಆಸರೆಯಲ್ಲಿ ನಿಂತ ಸ್ವಂತ ಹಿಡಿತ. ಯಂತ್ರವನ್ನೂ ಆ ಸಂಬಂಧಗಳ ಸಾಲಿನಲ್ಲಿಟ್ಟೇ ಅಳೆಯಬೇಕು. ಮುದುಕರೊಬ್ಬರ ಮೊಣಕೈ ಹಿಡಿದು ಅವರು ಹೊರಟ ಕಡೆಗೆ ನಡೆಸುವ ಮೊಮ್ಮಗನೂ ಇರುತ್ತಾನೆ, ತನಗೆ ತಡವಾಯಿತೆಂದು ದರದರ ಎಳೆದುಕೊಂಡು ಹೋಗುವವನೂ ಇರುತ್ತಾನೆ. ತಲೆಯೊಳಗಿನ ಯಂತ್ರ ಯಾವ ಮೊಮ್ಮಗನ ಹಾಗೆ ನಡೆದುಕೊಳ್ಳುತ್ತದೆ ಎಂಬುದೇ ಪರೀಕ್ಷೆ.

ಇದು ಈಗ ಬರೀ ತತ್ತ್ವಚರ್ಚೆಯಾಗಿ ಉಳಿದಿಲ್ಲ. ಹಳೆಯ ಡಿಬಿಎಸ್ ಹಗಲೂ ರಾತ್ರಿ ಒಂದೇ ಹದದಲ್ಲಿ ಮಿಡಿಯುತ್ತದೆ. ಹೊಸದು ಮೆದುಳಿನ ಅಲೆಗಳನ್ನು ಓದಿ ಬೇಕಾದಾಗ ಹೆಚ್ಚು, ಬೇಡವಾದಾಗ ಕಡಿಮೆ ಮಾಡುತ್ತದೆ. ಅಡಾಪ್ಟಿವ್ ಡಿಬಿಎಸ್ ಎಂದು ಇದರ ಹೆಸರು. ಪಾರ್ಕಿನ್ಸನ್‌ಗೆ 2025ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಯಂತ್ರ ತಾನೇ ಓದಿ ತಾನೇ ನಿರ್ಧರಿಸುವಾಗ ಮನುಷ್ಯ ಎಲ್ಲಿರುತ್ತಾನೆ ಎಂದು ಗೋರಿಂಗ್ ತಂಡ ಕೇಳಿದ್ದು ಅದಕ್ಕೂ ಎಂಟು ವರ್ಷ ಮೊದಲು. ನಡುಕಕ್ಕೆ ಇದು ದೊಡ್ಡ ಸಮಸ್ಯೆ ಅಲ್ಲ ಎಂದು ನನಗನ್ನಿಸುತ್ತದೆ. ಖಿನ್ನತೆಗೆ ಇಂಥ ಯಂತ್ರ ಬಂದಾಗ ಪ್ರಶ್ನೆ ಮೊನಚಾಗುತ್ತದೆ. ಸ್ನೇಹಿತ ಸತ್ತಾಗ ಅಳು ಬಾರದಿದ್ದರೆ ಅದು ನನ್ನ ಗಟ್ಟಿತನವೋ ಯಂತ್ರದ್ದೋ?

2021ರಲ್ಲಿ ಇದೇ ತಂಡ ಇದನ್ನೆಲ್ಲ ಸೇರಿಸಿ ಒಂದು ನಕ್ಷೆ ಬರೆಯಿತು. ಹೊಣೆಗಾರಿಕೆ, ಖಾಸಗಿತನ, ನಾನು ನಾನೇ ಎಂಬ ಭಾವ, ನಂಬಿಕೆ, ಈ ನಾಲ್ಕನ್ನೂ ಬಿಡಿಬಿಡಿಯಾಗಿ ನೋಡಬೇಡಿ, ಒಂದನ್ನು ಜಗ್ಗಿದರೆ ಇನ್ನೊಂದು ಅಲುಗುತ್ತದೆ ಎಂಬುದು ಅದರ ಸಾರ. ಬಿಸಿಐ ಮೂಲಕ ಆಡಿಸುವ ಯಂತ್ರದ ಕೈ ಬಿಸಿ ಕಾಫಿಯನ್ನು ಪಕ್ಕದವರ ಮೇಲೆ ಚೆಲ್ಲಿತು ಎಂದಿಟ್ಟುಕೊಳ್ಳಿ. ತಪ್ಪು ಯಾರದ್ದು? ಉತ್ತರ ಗೊತ್ತಿಲ್ಲದಿದ್ದರೆ ನಾಳೆಯಿಂದ ಆ ಕೈಯನ್ನೇ ನಂಬುವುದಿಲ್ಲ.

ಖಾಸಗಿತನದ ವಿಷಯದಲ್ಲಿ ಜನರಿಗೆ ಅತಿ ಹೆಚ್ಚು ಭಯ. ಯಂತ್ರ ನನ್ನ ಆಲೋಚನೆ ಓದುತ್ತದಾ? ಡಿಬಿಎಸ್ ಓದುವುದಿಲ್ಲ. ಹೊಸ ಮಾದರಿಗಳು ಅಲೆಗಳ ಏರಿಳಿತ ದಾಖಲಿಸುತ್ತವೆ, ಅದರಿಂದ ನಿಮ್ಮ ಮನಸ್ಸಿನ ಮಾತು ತಿಳಿಯದು. ಮಾತಾಡಲಾಗದವರಿಗೆ ಮಾತು ಕೊಡುವ ಬಿಸಿಐಗಳ ಕಥೆ ಬೇರೆ. ಸ್ಟ್ಯಾನ್‌ಫರ್ಡ್ ಸಂಶೋಧಕರು 2025ರಲ್ಲಿ, ಮನಸ್ಸಿನೊಳಗೇ ಆಡಿಕೊಂಡ ಮಾತನ್ನೂ ಒಂದು ಮಟ್ಟಿಗೆ ಓದಬಹುದು ಎಂದು ತೋರಿಸಿದರು. ಬೇಡದ ಮಾತು ಹೊರಬೀಳದಂತೆ ಒಂದು ಬೀಗವನ್ನೂ ಮಾಡಿದರು. ಹಳೆಯ ಮಕ್ಕಳ ಸಿನಿಮಾ ಒಂದರ ಹೆಸರು, 'ಚಿಟ್ಟಿ ಚಿಟ್ಟಿ ಬ್ಯಾಂಗ್ ಬ್ಯಾಂಗ್' ಎಂದು ಮನಸ್ಸಿನಲ್ಲೇ ಅಂದುಕೊಂಡರೆ ಮಾತ್ರ ಯಂತ್ರ ಓದಲು ಶುರು ಮಾಡುತ್ತದೆ. ಆ ಬೀಗ ನೂರಕ್ಕೆ 98ಕ್ಕೂ ಹೆಚ್ಚು ಸಲ ಸರಿಯಾಗಿ ಕೆಲಸ ಮಾಡಿತು. ಬೀಗದ ಕೈ ರೋಗಿಯ ಬಳಿಯೇ ಇರುವಂತೆ ಎಂಜಿನಿಯರುಗಳೇ ಯೋಚಿಸಿದ್ದು ನನಗಂತೂ ಸಮಾಧಾನ ತಂದಿತು.

ಕಾನೂನೂ ನಿಧಾನವಾಗಿ ಬರುತ್ತಿದೆ. ಗೋರಿಂಗ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯದ ನರವಿಜ್ಞಾನಿ ರಫಾಯೆಲ್ ಯುಸ್ಟೆ ಮುಂತಾದವರು 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಎಚ್ಚರಿಕೆಯ ಲೇಖನ ಬರೆದರು. 2021ರಲ್ಲಿ ಚಿಲಿ ದೇಶ ಮೆದುಳಿನ ಮಾಹಿತಿಯ ರಕ್ಷಣೆಯನ್ನು ಸಂವಿಧಾನಕ್ಕೇ ಸೇರಿಸಿತು. 2025ರ ನವೆಂಬರಿನಲ್ಲಿ ಯುನೆಸ್ಕೊ ಸದಸ್ಯ ದೇಶಗಳು ನ್ಯೂರೋಟೆಕ್ನಾಲಜಿಯ ನೀತಿ ಶಿಫಾರಸನ್ನು ಒಪ್ಪಿಕೊಂಡವು. ಶಿಫಾರಸು ಅಷ್ಟೇ, ಕಾನೂನಲ್ಲ.

ಸರಿಮಾಡಬೇಕಾದದ್ದು ಯಾವುದು?

ಗೋರಿಂಗ್ ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು ಈ ಭಾಗ. ಎಂಜಿನಿಯರಿಗೆ ಅಂಗವಿಕಲರನ್ನು ಕಂಡರೆ ಏನೋ ಕೆಟ್ಟಿದೆ, ರಿಪೇರಿ ಮಾಡಬೇಕು ಎನಿಸುತ್ತದೆ. ವೈದ್ಯರಿಗೂ ಹಾಗೇ. ನಮಗೂ ಹಾಗೇ, ಒಪ್ಪಿಕೊಳ್ಳೋಣ. ಗಾಲಿಕುರ್ಚಿಯಲ್ಲಿ ಕೂತವರು "ನಾನು ಚೆನ್ನಾಗಿದ್ದೀನಿ" ಎಂದರೆ ಪಾಪ, ಸಮಾಧಾನ ಮಾಡಿಕೊಂಡಿದ್ದಾರೆ ಎಂದುಕೊಳ್ಳುತ್ತೇವೆ. ಅವರ ಮಾತನ್ನು ಅವರ ಬದುಕಿನ ಬಗ್ಗೆಯೇ ನಂಬುವುದಿಲ್ಲ. 2008ರ ಒಂದು ಲೇಖನದಲ್ಲಿ ಗೋರಿಂಗ್ ಇದನ್ನೇ ಹಿಡಿದು ಕೇಳಿದರು. ಒಬ್ಬರ ಬದುಕು ಹೇಗಿದೆ ಎಂದು ಹೇಳಲು ಆ ಬದುಕನ್ನು ಬದುಕುತ್ತಿರುವವರಿಗಿಂತ ಹೊರಗಿನವರ ಮಾತಿಗೆ ಹೆಚ್ಚು ಬೆಲೆ ಏಕೆ?

ಕೇಳದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಒಂದು ಸಮೀಕ್ಷೆ ಇದೆ. 2004ರಲ್ಲಿ ಕಿಮ್ ಆಂಡರ್ಸನ್ ಎಂಬ ವಿಜ್ಞಾನಿ ಬೆನ್ನುಹುರಿಗೆ ಪೆಟ್ಟಾದ 681 ಮಂದಿಯನ್ನು, ನಿಮಗೆ ಯಾವ ಶಕ್ತಿ ಮೊದಲು ವಾಪಸ್ಸು ಬೇಕು ಎಂದು ಕೇಳಿದರು. ಆಂಡರ್ಸನ್ ಅವರಿಗೂ ಅಂಥದೇ ಪೆಟ್ಟಾಗಿತ್ತು. ನಡೆಯುವುದು ಎಂದು ಉತ್ತರ ಬರುತ್ತದೆ ಎಂದು ನೀವೂ ನಾನೂ ಊಹಿಸುತ್ತಿದ್ದೆವು. ನಾಲ್ಕೂ ಕೈಕಾಲಿನ ಶಕ್ತಿ ಕಳೆದುಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನ ಕೈ ಬೇಕು ಎಂದರು. ಕಾಲಿನ ಶಕ್ತಿ ಮಾತ್ರ ಹೋದವರಲ್ಲಿ ಅತಿ ಹೆಚ್ಚು ಮಂದಿ ಲೈಂಗಿಕ ಸಾಮರ್ಥ್ಯ ಎಂದರು. ಮಲಮೂತ್ರದ ಹಿಡಿತವೂ ಎರಡೂ ಗುಂಪಿನಲ್ಲಿ ಮೇಲಿತ್ತು. ಟಿವಿಯಲ್ಲಿ ತೋರಿಸಲು ಚೆನ್ನಾಗಿರುವುದು ನಡೆಸುವ ಯಂತ್ರ. ಬೆಳಿಗ್ಗೆ ಏಳುವವರಿಗೆ ಬೇಕಾದದ್ದು ಬೇರೆ.

ಹಾಗಾದರೆ ಯಂತ್ರವೇ ಬೇಡವೇ? ಅಂಗವಿಕಲರ ಚಳವಳಿಯಲ್ಲಿ ಒಂದು ವಾದವಿದೆ. ತೊಂದರೆ ದೇಹದಲ್ಲಿಲ್ಲ, ಮೆಟ್ಟಿಲು ಮಾತ್ರ ಕಟ್ಟಿ ಇಳಿಜಾರು ಕಟ್ಟದ ಸಮಾಜದಲ್ಲಿದೆ ಎಂದು. ಗೋರಿಂಗ್ ಈ ವಾದವನ್ನು ಗೌರವಿಸುತ್ತಾರೆ. ಆದರೆ ನೋವು, ಸುಸ್ತು, ಹೆಚ್ಚುತ್ತಲೇ ಹೋಗುವ ಕಾಯಿಲೆ ಇವು ಇಳಿಜಾರಿನಿಂದ ಹೋಗುವುದಿಲ್ಲ, ಚಿಕಿತ್ಸೆಯೂ ಬೇಕು ಎನ್ನುತ್ತಾರೆ. ಎರಡನ್ನೂ ಒಟ್ಟಿಗೆ ಹಿಡಿಯುವುದು ಕಷ್ಟ. ಕಾಕ್ಲಿಯರ್ ಇಂಪ್ಲಾಂಟಿನ ವಿಷಯದಲ್ಲಿ ಈ ಜಗ್ಗಾಟ ಚೆನ್ನಾಗಿ ಕಾಣುತ್ತದೆ. ಸಂಜ್ಞಾಭಾಷೆ ಆಡುವ ಅನೇಕರು ತಮ್ಮನ್ನು ಕೊರತೆ ಇರುವವರೆಂದು ಭಾವಿಸುವುದಿಲ್ಲ, ಒಂದು ಭಾಷಿಕ ಸಮುದಾಯವೆಂದು ಭಾವಿಸುತ್ತಾರೆ. ಕಿವಿ ಕೇಳುವ ತಂದೆತಾಯಿಗೆ ಮಗು ಅಮ್ಮಾ ಎನ್ನಬೇಕೆಂಬ ಆಸೆ. ಹಾಕಿಸುವುದಾದರೆ ಮಾತು ಕಲಿಯುವ ವಯಸ್ಸಿಗೆ ಮೊದಲೇ ಹಾಕಿಸಬೇಕು, ಆಗ ಮಗುವನ್ನು ಕೇಳುವಂತಿಲ್ಲ. ಇಲ್ಲಿ ನನ್ನ ಸಲಹೆ ಸರಳ: ಇಂಪ್ಲಾಂಟ್ ಹಾಕಿಸಿದರೂ ಸಂಜ್ಞಾಭಾಷೆಯ ಬಾಗಿಲು ಮುಚ್ಚಬೇಡಿ. ಯಂತ್ರ ಕಳಚಿಟ್ಟ ರಾತ್ರಿಯಲ್ಲೂ ಕೆಟ್ಟ ದಿನದಲ್ಲೂ ಮಗುವಿಗೆ ಮಾತು ಬೇಕಲ್ಲ.

ಕಂಪನಿ ಕೈಬಿಟ್ಟರೆ

ಅಮೆರಿಕದ ಸೆಕೆಂಡ್ ಸೈಟ್ ಎಂಬ ಕಂಪನಿ ಆರ್ಗಸ್ 2 ಎಂಬ ಕೃತಕ ರೆಟಿನಾ ಮಾಡಿತ್ತು. ರೆಟಿನಾ ಅಂದರೆ ಕಣ್ಣಿನ ಒಳಪರದೆ. ಕನ್ನಡಕದ ಕ್ಯಾಮೆರಾ ಕಂಡದ್ದನ್ನು ಕಣ್ಣೊಳಗಿನ 60 ವಿದ್ಯುತ್ ತುದಿಗಳು ಬೆಳಕಿನ ಚುಕ್ಕಿಗಳಾಗಿ ತೋರಿಸುತ್ತಿದ್ದವು. 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ ಸುಮಾರು ಒಂದೂವರೆ ಲಕ್ಷ ಡಾಲರ್. ಜಗತ್ತಿನಲ್ಲಿ 350ಕ್ಕೂ ಹೆಚ್ಚು ಮಂದಿ ಹಾಕಿಸಿಕೊಂಡರು. 2019ರಲ್ಲಿ ಕಂಪನಿ ಅದರ ತಯಾರಿ ನಿಲ್ಲಿಸಿತು, 2020ರಲ್ಲಿ ಬಹುತೇಕ ನೌಕರರನ್ನು ಮನೆಗೆ ಕಳಿಸಿತು. ಕಣ್ಣೊಳಗಿನ ಯಂತ್ರ ಅಲ್ಲೇ ಉಳಿಯಿತು. ಕೆಟ್ಟರೆ ಬಿಡಿಭಾಗ ಇಲ್ಲ. ಎಂಆರ್‌ಐ ಮಾಡಿಸಬಹುದೇ ಎಂದು ಕೇಳಿದರೆ ಉತ್ತರಿಸುವವರಿಲ್ಲ.

ಆಸ್ಟ್ರೇಲಿಯಾದಲ್ಲಿ ಇದರ ತಿರುವುಮುರುವು ನಡೆಯಿತು. ಮೂರ್ಛೆರೋಗ ಬರುವ ಮುನ್ಸೂಚನೆ ಕೊಡುವ ಇಂಪ್ಲಾಂಟನ್ನು 15 ಮಂದಿಗೆ ಹಾಕಿ ನೋಡಿದರು. ಕಂಪನಿಯ ಹಣ ಮುಗಿಯಿತು, ತೆಗೆಸಿಕೊಳ್ಳಿ ಎಂದಿತು. ಒಬ್ಬ ಮಹಿಳೆ ಒಪ್ಪಲೇ ಇಲ್ಲ. ಅದು ಅವರ ಪಾಲಿಗೆ ತಮ್ಮದೇ ಒಂದು ಭಾಗವಾಗಿತ್ತು. ಮನೆ ಅಡವಿಟ್ಟಾದರೂ ಕೊಳ್ಳುತ್ತೇವೆಂದು ಅವರೂ ಅವರ ಗಂಡನೂ ಮುಂದೆ ಬಂದರು. ಆದರೂ ಕೊನೆಗೆ ತೆಗೆದರು.

ಡಿಬಿಎಸ್ ಕಂಪನಿಗಳು ದೊಡ್ಡವು, ನಾಳೆಯೇ ಮುಚ್ಚುವ ಲಕ್ಷಣವಿಲ್ಲ. ಆದರೂ ಬರವಣಿಗೆಯಲ್ಲಿ ಕೇಳಿ: ಈ ಮಾದರಿ ನಿಂತುಹೋದರೆ ಮುಂದಿನ ಬ್ಯಾಟರಿ ಹಳೆಯ ತಂತಿಗೆ ಹೊಂದುತ್ತದೆಯೇ? ವಾರಂಟಿ ಎಷ್ಟು ವರ್ಷ? ಪ್ರಯೋಗದಲ್ಲಿ ಸೇರುವುದಾದರೆ, ಪ್ರಯೋಗ ಮುಗಿದ ಮೇಲೆ ಯಂತ್ರ ಇಟ್ಟುಕೊಳ್ಳಬಹುದೇ, ತೆಗೆಸುವ ಖರ್ಚು ಯಾರದ್ದು?

ಖರ್ಚು, ಜಾಗ, ಸಹಿ

ನಮ್ಮಲ್ಲಿ ಡಿಬಿಎಸ್ ಖರ್ಚಿನ ಬಹುಪಾಲು ಯಂತ್ರದ್ದೇ. ಖಾಸಗಿ ಆಸ್ಪತ್ರೆಗಳಲ್ಲಿ ಒಟ್ಟು ಬಿಲ್ಲು ಹತ್ತು ಲಕ್ಷ ರೂಪಾಯಿಯ ಆಸುಪಾಸಿನಿಂದ ಶುರುವಾಗಿ, ಚಾರ್ಜ್ ಮಾಡಬಹುದಾದ ಬ್ಯಾಟರಿ ಆರಿಸಿದರೆ ಹದಿನೈದು ಲಕ್ಷ ದಾಟುತ್ತದೆ. ಚಾರ್ಜ್ ಆಗದ ಬ್ಯಾಟರಿ ಸುಮಾರು ಮೂರರಿಂದ ಐದು ವರ್ಷ ಬರುತ್ತದೆ, ಆಮೇಲೆ ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ಬದಲಿಸಬೇಕು, ಅದಕ್ಕೂ ಲಕ್ಷಗಟ್ಟಲೆ. ಚಾರ್ಜ್ ಆಗುವುದು ಹದಿನೈದು ವರ್ಷದವರೆಗೂ ಬರಬಹುದು, ಆದರೆ ತಪ್ಪದೆ ಚಾರ್ಜ್ ಮಾಡಬೇಕು. ಮನೆಯಲ್ಲಿ ಯಾರೂ ಇಲ್ಲದ ಹಿರಿಯರಿಗೆ ಇದು ಸಣ್ಣ ಮಾತಲ್ಲ. ಆರೋಗ್ಯ ವಿಮೆ ಇದ್ದರೆ ನೋಡಿ: ವಿಮಾ ನಿಯಂತ್ರಕರು ಡಿಬಿಎಸ್ಸನ್ನು ವಿಮೆಯಿಂದ ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿಗೆ ಸೇರಿಸಿದ್ದಾರೆ. ಆದರೆ ಹಲವು ಪಾಲಿಸಿಗಳು ಇಷ್ಟೇ ಮೊತ್ತ ಎಂದು ಮಿತಿ ಹಾಕಿರುತ್ತವೆ. ಸಣ್ಣ ಅಕ್ಷರ ಓದಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಿಬಿಎಸ್ ಮಾಡುತ್ತಾರೆ, ನಗರದ ಕೆಲವು ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲೂ ಮಾಡುತ್ತಾರೆ. ಕೇಳಿದವರಿಗೆಲ್ಲ ಹಾಕುವುದಿಲ್ಲ. ರಾತ್ರಿಯಿಂದ ಮಾತ್ರೆ ನಿಲ್ಲಿಸಿ, ಬೆಳಿಗ್ಗೆ ಮಾತ್ರೆ ಕೊಟ್ಟು, ಎಷ್ಟು ಸುಧಾರಣೆ ಎಂದು ಅಳೆಯುತ್ತಾರೆ. ಜ್ಞಾಪಕಶಕ್ತಿ, ಮನಸ್ಸಿನ ಸ್ಥಿತಿಯನ್ನೂ ಪರೀಕ್ಷಿಸುತ್ತಾರೆ. ಕಿವಿಯ ವಿಷಯಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಬಡ ಕುಟುಂಬದ ಚಿಕ್ಕ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಕೊಡುತ್ತಾರೆ. ಆದರೆ ಹೊರಗಿನ ಯಂತ್ರದ ಕೇಬಲ್, ಕಾಯಿಲ್, ಬ್ಯಾಟರಿ ಮುಂದೆ ಯಾರು ಕೊಡಿಸುತ್ತಾರೆ ಎಂದು ಅಂದೇ ಕೇಳಿ. ಇಂಪ್ಲಾಂಟ್ ಇದ್ದೂ ಕೇಬಲ್ ಇಲ್ಲದೆ ಮಗು ಕೇಳಿಸಿಕೊಳ್ಳದೇ ಇರುವುದಕ್ಕಿಂತ ಬೇಸರದ ಸಂಗತಿ ಇನ್ನಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪಾರ್ಕಿನ್ಸನ್ ಕಾಯಿಲೆಯೂ ಸೇರಿದೆ, ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಬಹುದು ಎಂಬುದು ಬಹಳ ಜನರಿಗೆ ತಿಳಿದಿಲ್ಲ.

ಸಹಿಯ ಬಗ್ಗೆ ಎರಡು ಮಾತು. ನಮ್ಮ ಮನೆಗಳಲ್ಲಿ ಡಾಕ್ಟರ ಎದುರಿನ ಕುರ್ಚಿಯಲ್ಲಿ ಮಗ ಕೂರುತ್ತಾನೆ, ಪಕ್ಕದ ಸ್ಟೂಲಿನಲ್ಲಿ ರೋಗಿ. ಮಾತೆಲ್ಲ ಮಗನದ್ದೇ. ಸಂಬಂಧಗಳ ಆಸರೆ ಬೇಕು ಎಂದು ಗೋರಿಂಗ್ ಹೇಳಿದ್ದು ಇದಕ್ಕಲ್ಲ. ವಯಸ್ಕ ರೋಗಿಗೆ ನಿರ್ಧರಿಸುವ ಶಕ್ತಿ ಇದ್ದರೆ ಒಪ್ಪಿಗೆ ಅವರದೇ ಇರಬೇಕು, ಮನೆಯವರ ಸಹಿ ಅದರ ಜಾಗ ತುಂಬುವುದಿಲ್ಲ. ಮಾನಸಿಕ ಕಾಯಿಲೆಗಾಗಿ ಮೆದುಳಿನ ಶಸ್ತ್ರಚಿಕಿತ್ಸೆ ಮಾಡಬೇಕಾದರೆ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ ರೋಗಿಯ ತಿಳಿವಳಿಕೆಯ ಒಪ್ಪಿಗೆಯ ಜೊತೆಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿಯೂ ಬೇಕು. ಸಂಶೋಧನೆ ಎಂದು ಹೇಳಿದರೆ ಸಿಟಿಆರ್‌ಐ, ಅಂದರೆ ದೇಶದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಪಟ್ಟಿಯ ಸಂಖ್ಯೆ ಕೇಳಿ. ಕನ್ನಡದಲ್ಲಿ ಒಪ್ಪಿಗೆ ಪತ್ರ ಕೊಡಿ ಎಂದು ಕೇಳುವುದಕ್ಕೆ ನಾಚಿಕೆ ಬೇಡ.

ಹಾಕಿಸಿದ ಮೇಲೆ ಬೇಡವೆನಿಸಿದರೆ? ಯಂತ್ರವನ್ನು ಆರಿಸಬಹುದು, ತೆಗೆಸಲೂಬಹುದು. ಆದರೆ ನೀವಾಗಿಯೇ ಥಟ್ಟನೆ ಆರಿಸಬೇಡಿ. ವರ್ಷಗಟ್ಟಲೆ ಹಾಕಿಕೊಂಡವರಲ್ಲಿ ಲಕ್ಷಣಗಳು ಏಕಾಏಕಿ ಉಲ್ಬಣಿಸಿ ಅಪಾಯವಾಗಬಹುದು. ಬ್ಯಾಟರಿ ಪೂರ್ತಿ ಮುಗಿಯುವವರೆಗೂ ಕಾಯಬಾರದು ಎನ್ನುವುದೂ ಇದಕ್ಕೇ. ಇಂಪ್ಲಾಂಟ್ ಕಾರ್ಡ್ ಜೇಬಿನಲ್ಲಿರಲಿ. ಮಂಡಿನೋವಿಗೆಂದು ಫಿಸಿಯೋಥೆರಪಿಗೆ ಹೋದರೆ ಡಯಾಥರ್ಮಿ ಎಂಬ ಶಾಖ ಚಿಕಿತ್ಸೆ ಕೂಡದು ಎಂದು ಮೊದಲೇ ಹೇಳಿ, ಅದರ ಶಾಖ ತಂತಿಯ ಮೂಲಕ ಮೆದುಳಿಗೆ ಗಂಡಾಂತರ ತರುತ್ತದೆ. ಎಂಆರ್‌ಐಗೂ ಯಂತ್ರದ ಮಾದರಿ ನೋಡಿಯೇ ಒಪ್ಪುತ್ತಾರೆ.

ಮೊದಲ ಭೇಟಿಗೆ ಹೋಗುವಾಗ ಮಾತ್ರೆಯ ಹೊತ್ತು ನೋಡಿಕೊಂಡು ಸಮಯ ತೆಗೆದುಕೊಳ್ಳಿ. ಮಾತ್ರೆ ಕೆಲಸ ಮಾಡುತ್ತಿರುವಾಗ ಧ್ವನಿ ಏಳುತ್ತದೆ, ಮುಖ ಸಡಿಲವಾಗಿರುತ್ತದೆ, ರೋಗಿಯೇ ಮಾತಾಡಬಲ್ಲರು. ಹಿಂದಿನ ದಿನ ಅವರಿಂದಲೇ ಪ್ರಶ್ನೆಗಳನ್ನು ಬರೆಸಿಕೊಳ್ಳಿ. ಅಕ್ಷರ ಚಿಕ್ಕದಾಗಿದ್ದರೂ ಪರವಾಗಿಲ್ಲ, ಈ ಕಾಯಿಲೆಯಲ್ಲಿ ಅಕ್ಷರ ಕುಗ್ಗುತ್ತದೆಂದು ಡಾಕ್ಟರಿಗೆ ಗೊತ್ತು. ಕೈ ನಡುಗದಿರುವುದು ಅವರಿಗೆ ಏಕೆ ಬೇಕು ಎಂಬುದೇ ಮೊದಲ ಸಾಲಾಗಿರಲಿ: ತಾವೇ ಅನ್ನ ಕಲಸಿ ಉಣ್ಣಲೋ, ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸಲೋ, ರಾತ್ರಿ ಮಗ್ಗುಲು ಬದಲಿಸಲೋ. ಯಂತ್ರದ ಹದ ಗೊತ್ತು ಮಾಡುವಾಗ ಡಾಕ್ಟರಿಗೂ ಅದೇ ಬೇಕಾಗುತ್ತದೆ.